ಭಯ ಬೆರಳು ತೋರಿಸಿದ ಕಡೆ ಒಂದು ತಡೆ

ನಾನು ಡೇಟಾಬೇಸ್ ನೋಡಿಕೊಳ್ಳುವವನು. ಜನ ಬಳಸುತ್ತಿರುವ ಸರ್ವರ್ ಮೇಲೆ ಡಿಲೀಟ್ ಕಮಾಂಡ್ ಬರೆದು ಎಂಟರ್ ಒತ್ತಬೇಕಾದರೆ ಈಗಲೂ ಎದೆ ಡವಡವ ಅನ್ನುತ್ತದೆ. ಯಾವುದನ್ನು ಅಳಿಸಬೇಕು ಅಂತ ಹೇಳುವ ಷರತ್ತಿನ ಸಾಲೊಂದು ಬಿಟ್ಟುಹೋದರೆ ಇಡೀ ಟೇಬಲ್ (ಮಾಹಿತಿಯ ಪಟ್ಟಿ) ಖಾಲಿ. "ಹೆದರಬೇಡ, ಅಭ್ಯಾಸ ಆಗುತ್ತೆ" ಅಂತ ಎಲ್ಲರೂ ಹೇಳಿದರು. ಆ ಸಲಹೆ ನನಗೆ ಹಿಡಿಸಲಿಲ್ಲ. ಈ ಕೆಲಸದಲ್ಲಿ ಹೆದರಿಕೆ ಬಿಟ್ಟವರ ಕೈಯಲ್ಲೇ ಅಪಾಯ ಜಾಸ್ತಿ, ಅಲ್ವಾ?

ಹಾಗಾಗಿ ಭಯವನ್ನು ಓಡಿಸುವುದು ಬಿಟ್ಟು, ಕೂರಿಸಿಕೊಂಡು ವಿಚಾರಿಸಲು ಶುರು ಮಾಡಿದೆ. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ 'ಪ್ರೀಮಾರ್ಟಂ' ಎಂಬ ವಿಧಾನದ ಬಗ್ಗೆ ಬರೆದಿದ್ದರು. ಕೆಲಸ ಕೆಟ್ಟರೆ ಏನು ಗತಿ ಅಂತ ಇಲ್ಲಿ ಯೋಚಿಸುವುದಿಲ್ಲ. ಆಗಲೇ ಕೆಟ್ಟುಹೋಗಿದೆ ಅಂದುಕೊಂಡು, ಯಾಕೆ ಕೆಟ್ಟಿತು ಅಂತ ಬರೆಯುತ್ತೇವೆ. ನಾನೂ ಒಂದು ಹಾಳೆ ತೆಗೆದುಕೊಂಡು ಬರೆದೆ: "ಪರದೆ ಮೇಲೆ ಎರಡು ಕಿಟಕಿ ತೆರೆದಿದ್ದವು. ಒಂದು ಪರೀಕ್ಷೆಯ ಸರ್ವರ್, ಇನ್ನೊಂದು ಅಸಲಿ. ಎರಡೂ ಕಪ್ಪು. ತಪ್ಪು ಕಿಟಕಿಯಲ್ಲಿ ಟೈಪ್ ಮಾಡಿದೆ."

ಇಷ್ಟು ಬರೆಯುವಷ್ಟರಲ್ಲಿ ಉಪಾಯ ಕಣ್ಣೆದುರೇ ಇತ್ತು. ಅಸಲಿ ಸರ್ವರ್‌ನ ಕಿಟಕಿಗೆ ಕಡುಗೆಂಪು ಬಣ್ಣ ಹಾಕಿದೆ. ಐದು ನಿಮಿಷದ ಕೆಲಸ. "ಏನೋ ಆಗಿಬಿಡುತ್ತೆ" ಎಂಬ ಭಯಕ್ಕೆ ಮದ್ದಿಲ್ಲ. ಎಲ್ಲಿ, ಯಾವಾಗ, ಯಾವ ಕೈಯಿಂದ ಅಂತ ಬಾಯಿ ಬಿಡಿಸಿದರೆ ಅದೇ ದಾರಿ ಹೇಳುತ್ತದೆ.

ಷರತ್ತು ಬಿಟ್ಟುಹೋಗುವ ಭಯಕ್ಕೆ ಸ್ವಲ್ಪ ತಲೆ ಕೆಡಿಸಿಕೊಳ್ಳಬೇಕಾಯಿತು. ಆಗ ನೆನಪಾದವರು ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ. 1960ರ ದಶಕದಲ್ಲಿ ಅವರು ನೋಡಿದ ಒಂದು ಕಾರ್ಖಾನೆಯಲ್ಲಿ, ಸ್ವಿಚ್ಚಿನೊಳಗೆ ಎರಡು ಸ್ಪ್ರಿಂಗ್ ಕೂರಿಸಬೇಕಿತ್ತು. ಕೆಲಸದವರು ಆಗಾಗ ಒಂದನ್ನು ಮರೆಯುತ್ತಿದ್ದರು. ಶಿಂಗೊ "ಗಮನ ಕೊಡಿ" ಅಂತ ಬೋಧನೆ ಮಾಡಲಿಲ್ಲ. ಮೊದಲು ಎರಡು ಸ್ಪ್ರಿಂಗ್ ತೆಗೆದು ಪುಟ್ಟ ತಟ್ಟೆಯಲ್ಲಿಟ್ಟುಕೊಳ್ಳಿ ಅಂದರು. ಕೊನೆಗೆ ತಟ್ಟೆಯಲ್ಲಿ ಒಂದು ಉಳಿದರೆ ಮರೆತಿದ್ದೀರಿ ಅಂತ ಅರ್ಥ, ಅಷ್ಟೇ.

ನನಗೂ ಅಂಥ ತಟ್ಟೆ ಬೇಕಿತ್ತು. ಒಂದು ಚಿಕ್ಕ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಬರೆದೆ. ಎಷ್ಟು ಸಾಲು ಅಳಿಸಬೇಕು ಅಂತ ಅದು ಮೊದಲೇ ಕೇಳುತ್ತದೆ. ನಾನು 40 ಅನ್ನುತ್ತೇನೆ. ಕಮಾಂಡ್ ಟ್ರಾನ್ಸಾಕ್ಷನ್‌ನೊಳಗೆ ಓಡುತ್ತದೆ, ಅಂದರೆ ಖಾಯಂ ಆಗುವ ಮೊದಲು ಹಿಂದಕ್ಕೆ ತರಬಹುದು. ಅಳಿದದ್ದು 40 ಆಗಿದ್ದರೆ ಕಮಿಟ್, ಅಂದರೆ ಖಾಯಂ. 41 ಆದರೂ ರೋಲ್‌ಬ್ಯಾಕ್, ಎಲ್ಲ ಇದ್ದಲ್ಲಿಗೇ ವಾಪಸ್. ಬುದ್ಧಿವಂತ ಸ್ಕ್ರಿಪ್ಟ್ ಏನಲ್ಲ, ಹಟಮಾರಿ ಸ್ಕ್ರಿಪ್ಟ್.

"ಖಚಿತವೇ?" ಅಂತ ಕೇಳುವ ಪೆಟ್ಟಿಗೆಗಳನ್ನು ಮಾತ್ರ ನಾನು ನಂಬುವುದಿಲ್ಲ. ಎರಡು ದಿನ ಓದುತ್ತೇವೆ, ಆಮೇಲೆ ಸುಮ್ನೆ ಹೌದು ಒತ್ತುತ್ತೇವೆ. ಗಿಟ್‌ಹಬ್‌ ಎಂಬ ಕೋಡ್ ಇಡುವ ಜಾಲತಾಣದಲ್ಲಿ ರೆಪಾಸಿಟರಿ (ಒಂದು ಪ್ರಾಜೆಕ್ಟಿನ ಕೋಡ್ ಸಂಗ್ರಹ) ಅಳಿಸಬೇಕಾದರೆ ಅದರ ಹೆಸರನ್ನೇ ಟೈಪ್ ಮಾಡಿಸುತ್ತಾರೆ. ಅದನ್ನೇ ಎತ್ತಿಕೊಂಡೆ. ಈಗ ನನ್ನ ಸ್ಕ್ರಿಪ್ಟ್ ಸರ್ವರ್ ಹೆಸರನ್ನು ಪೂರ್ತಿ ಬರೆಸಿಕೊಳ್ಳದೆ ಮುಂದಕ್ಕೆ ಹೋಗುವುದಿಲ್ಲ. ಸಹೋದ್ಯೋಗಿಗಳಿಗೆ ಇದು ಕಿರಿಕಿರಿ. ಇರಲಿ, ಆ ಹೆಜ್ಜೆ ತೆಗೆಯುವ ಯೋಚನೆ ನನಗಿಲ್ಲ.