ಲಂಗದ ಲಾಡಿ ಕೆಳಗಿನ ಕರಿ ಮಚ್ಚೆ

ಮೆಕ್ಕೆಜೋಳದ ಕಟಾವು ಶುರುವಾದರೆ ನಮ್ಮ ಕ್ಯಾಜುವಲ್ಟಿಯಲ್ಲಿ ಒಂದು ಮಾತು ದಿನಾ ಕೇಳಿಸುತ್ತದೆ. "ಎಂಟು ದಿನದಿಂದ ಜ್ವರ ಐತ್ರೀ ಸಾರ್, ಮೂರು ಸೂಜಿ ಮಾಡ್ಸಿದೀವಿ, ಎರಡು ಬಾಟ್ಲಿ ಗ್ಲೂಕೋಸ್ ಹಾಕ್ಸಿದೀವಿ, ಇಳಿವಲ್ದು." ದಾವಣಗೆರೆಯಲ್ಲಿ ಎಮರ್ಜೆನ್ಸಿ ಡಾಕ್ಟರಾಗಿ ಹನ್ನೊಂದು ವರ್ಷ ಆಯಿತು. ಈ ಮಾತು ಕಿವಿಗೆ ಬಿದ್ದ ಕೂಡಲೇ ನಾನು ರಿಪೋರ್ಟ್ ಫೈಲಿಗೆ ಕೈ ಹಾಕುವುದಿಲ್ಲ. ಪರದೆ ಎಳೆದು ರೋಗಿಯ ಬಟ್ಟೆ ಸಡಿಲಿಸಲು ಹೇಳುತ್ತೇನೆ. ಈ ಅಭ್ಯಾಸ ಸುಮ್ನೆ ಬಂದದ್ದಲ್ಲ.

ಕೆಲಸಕ್ಕೆ ಸೇರಿದ ಹೊಸತು. ಆಗ ನಾನಿದ್ದದ್ದು ಬೇರೆ ಆಸ್ಪತ್ರೆ. ಚಳ್ಳಕೆರೆ ಕಡೆಯ ಒಬ್ಬ ಕುರಿಗಾಹಿ ಬಂದರು. ಜ್ವರ, ತಲೆನೋವು, ಪ್ಲೇಟ್‌ಲೆಟ್ ನಲವತ್ತು ಸಾವಿರ. ಡೆಂಗಿ ಇಲ್ಲ, ಮಲೇರಿಯಾ ಇಲ್ಲ. ಟೈಫಾಯ್ಡ್‌ಗೆ ಮಾಡುವ ವಿಡಾಲ್ ರಕ್ತಪರೀಕ್ಷೆ ಮಾತ್ರ ಸ್ವಲ್ಪ ಪಾಸಿಟಿವ್. ನಮ್ಮ ಕಡೆ ಒಂದೇ ಸಲ ಮಾಡಿದ ವಿಡಾಲ್ ನಂಬೋದೂ ಒಂದೇ, ಬಿಡೋದೂ ಒಂದೇ. ಅದು ಆಗ ನನಗೆ ತಲೆಗೆ ಹೋಗಿರಲಿಲ್ಲ. ಟೈಫಾಯ್ಡ್ ಅಂತ ಬರೆದು ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯಾಟಿಕ್ ಕೊಡುತ್ತಾ ಹೋದೆ. ಐದನೇ ದಿನ ಉಸಿರಾಟ ಕೆಟ್ಟು ವೆಂಟಿಲೇಟರ್‌ಗೆ ಹಾಕಬೇಕಾಯಿತು. ರೌಂಡ್ಸಿಗೆ ಬಂದ ಹಿರಿಯರು ಮಾತೇ ಆಡಲಿಲ್ಲ. ಕುರಿಗಾಹಿಯ ಎಡಗೈ ಮೇಲೆತ್ತಿದರು. ಕಂಕುಳಲ್ಲಿ ಬೀಡಿಯಿಂದ ಸುಟ್ಟ ಹಾಗೆ ಒಂದು ಕರಿ ಹಕ್ಕಳೆ, ಸುತ್ತ ಕೆಂಪು. ಐದು ದಿನವೂ ಅದು ಅಲ್ಲೇ ಇತ್ತು. ನಾನು ಅಂಗಿ ಮೇಲೆಯೇ ಸ್ಟೆತಸ್ಕೋಪ್ ಇಟ್ಟಿದ್ದೆ, ಅಷ್ಟೇ. ಪುಣ್ಯಕ್ಕೆ ಅವರು ಉಳಿದರು. ಆದರೆ ಒಂಬತ್ತು ದಿನ ವೆಂಟಿಲೇಟರ್, ಮನೆಯವರು ಮಾರಿದ ಕುರಿಗಳು, ಇದಕ್ಕೆಲ್ಲ ಲೆಕ್ಕ ಯಾರು ಕೊಡುತ್ತಾರೆ?

ಅದು ಸ್ಕ್ರಬ್ ಟೈಫಸ್. ಹೆಸರಲ್ಲಿ ಟೈಫಸ್ ಇದೆ ಅಂತ ಟೈಫಾಯ್ಡ್ ಅಂದುಕೊಳ್ಳಬೇಡಿ, ಎರಡಕ್ಕೂ ಸಂಬಂಧ ಇಲ್ಲ. ಹುಲ್ಲು, ಪೊದೆ, ಹೊಲದ ಬದುಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿ ಇರುತ್ತದೆ. ಅದು ಕಚ್ಚಿದಾಗ ಒರಿಯೆನ್ಶಿಯಾ ಅನ್ನುವ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ. ಸುಮಾರು ಹತ್ತು ದಿನಕ್ಕೆ ಜ್ವರ ಬರುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ಕೆಲವರಿಗೆ ಆ ಜಾಗದಲ್ಲಿ ಕರಿ ಹಕ್ಕಳೆ ಏಳುತ್ತದೆ. ಈ ಬ್ಯಾಕ್ಟೀರಿಯಾ ನಮ್ಮ ಜೀವಕೋಶದ ಒಳಗೇ ಕೂರುವಂಥದ್ದು, ಸೆಫ್ಟ್ರಿಯಾಕ್ಸೋನ್ ಎಷ್ಟು ದಿನ ಸುರಿದರೂ ಬಗ್ಗುವುದಿಲ್ಲ. ಬಗ್ಗುವುದು ಡಾಕ್ಸಿಸೈಕ್ಲಿನ್ನಿಗೆ, ಇಲ್ಲವೇ ಅಜಿತ್ರೋಮೈಸಿನ್ನಿಗೆ. ಯಾವ ಊರಿನ ಮೆಡಿಕಲ್ ಶಾಪಲ್ಲೂ ಸಿಗುವ ಅಗ್ಗದ ಮಾತ್ರೆಗಳು. ನನಗೆ ಸಿಟ್ಟು ಬರುವುದೇ ಅಲ್ಲಿ.

ಕಳೆದ ಸಲದ ಕಟಾವಿನಲ್ಲಿ ಜಗಳೂರು ಕಡೆಯಿಂದ ಐವತ್ತು ದಾಟಿದ ಒಬ್ಬ ಹೆಣ್ಣುಮಗಳು ಬಂದರು. ಜೊತೆಗೆ ಸೊಸೆ, ಕೈಯಲ್ಲಿ ದಪ್ಪ ಫೈಲು. "ನಮ್ಮತ್ತೆಗೆ ಡೆಂಗಿ ಅಂತೆ ಸಾರ್, ಬಿಳಿ ರಕ್ತಕಣ ಐವತ್ತೆಂಟು ಸಾವಿರಕ್ಕೆ ಇಳಿದೈತಂತೆ." ಅವಳು ಹೇಳುತ್ತಿದ್ದದ್ದು ಪ್ಲೇಟ್‌ಲೆಟ್, ರಕ್ತ ಹೆಪ್ಪುಗಟ್ಟಿಸುವ ಕಣ. ಅದು ಬಿಳಿ ರಕ್ತಕಣ ಅಲ್ಲ, ಆದರೆ ನಮ್ಮ ಜಿಲ್ಲೆಯಲ್ಲಿ ಇದನ್ನು ತಿದ್ದಲು ಹೋದರೆ ಡ್ಯೂಟಿ ಮುಗಿದುಹೋಗುತ್ತದೆ!

ಮೊದಲು ಉಸಿರು ಎಣಿಸಿದೆ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದಲ್ಲ, ಪೂರ್ತಿ ಒಂದು ನಿಮಿಷ. ಕೇಸ್ ಶೀಟಿನಲ್ಲಿ ಎಲ್ಲರದ್ದೂ "20" ಅಂತಲೇ ಇರುತ್ತದೆ, ಅಲ್ವಾ? ಇವರದ್ದು 34 ಇತ್ತು. ಪಾದ ಮುಟ್ಟಿದೆ, ತಣ್ಣಗಿತ್ತು. ಉಗುರು ಒತ್ತಿ ಬಿಟ್ಟರೆ ಕೆಂಪು ವಾಪಸ್ ಬರಲು ನಾಲ್ಕು ಸೆಕೆಂಡ್ ಬೇಕಾಯಿತು. "ಅಮ್ಮಾ, ಒಂದಕ್ಕೆ ಯಾವಾಗ ಹೋಗಿದ್ರಿ?" ಅಂದೆ. ಅವರಿಗೆ ನೆನಪಾಗಲಿಲ್ಲ, ಸೊಸೆ "ನಿನ್ನೆ ಸಂಜೆ" ಅಂದಳು. ಬಿಪಿ 90/60. ಕಾಯಿಲೆಯ ಹೆಸರು ಗೊತ್ತಿಲ್ಲದಿದ್ದರೂ ಇದು ಸೆಪ್ಸಿಸ್, ಅಂದರೆ ಸೋಂಕಿನಿಂದ ಅಂಗಾಂಗ ಕೆಡುತ್ತಿರುವ ಸ್ಥಿತಿ, ಅನ್ನಲು ಇಷ್ಟು ಸಾಕು. ಬ್ಲಡ್ ಕಲ್ಚರಿಗೆ ರಕ್ತ ತೆಗೆದೆವು, ಆಕ್ಸಿಜನ್ ಹಾಕಿದೆವು, ಡ್ರಿಪ್ ಬಿಟ್ಟೆವು. ಇಂಥವರಿಗೆ ಆಂಟಿಬಯಾಟಿಕ್ ಒಂದು ಗಂಟೆಯೊಳಗೆ ಒಳಗೆ ಹೋಗಿರಬೇಕು.

ಯಾವುದು ಅನ್ನುವುದಕ್ಕೆ ಮೈ ನೋಡಬೇಕು. ಸಿಸ್ಟರನ್ನು ಕರೆದು, ಆ ಅಮ್ಮನನ್ನು ಕೇಳಿಯೇ ಪರದೆ ಎಳೆದೆವು. ನನ್ನದೊಂದು ದಾರಿ ಇದೆ. ಕರಿ ಮಚ್ಚೆ ಹುಡುಕುವ ಮೊದಲು ಗೆಡ್ಡೆ, ಅಂದರೆ ಊದಿದ ದುಗ್ಧಗ್ರಂಥಿ (ಲಿಂಫ್ ನೋಡ್), ಹುಡುಕುತ್ತೇನೆ. ಕುತ್ತಿಗೆ, ಕಂಕುಳು, ತೊಡೆಸಂದು ಒತ್ತಿ ನೋಡುತ್ತೇನೆ. ಎಲ್ಲಿ ಗೆಡ್ಡೆ ಊದಿ ನೋವಿದೆಯೋ, ಅದರ ಆಸುಪಾಸಿನಲ್ಲೇ ನುಸಿ ಕಚ್ಚಿರುತ್ತದೆ. ಇವರಿಗೆ ಬಲ ತೊಡೆಸಂದಿನಲ್ಲಿ ನೋವಿತ್ತು. ಕಾಲು ಪೂರ್ತಿ ನೋಡಿದೆವು, ಏನೂ ಇಲ್ಲ. ಸಿಸ್ಟರ್ ಲಂಗದ ಲಾಡಿ ಬಿಚ್ಚಿ ಸ್ವಲ್ಪ ಕೆಳಗೆ ಸರಿಸಿದರು. ಲಾಡಿ ಒತ್ತಿ ಗೆರೆ ಬಿದ್ದ ಜಾಗದಲ್ಲಿ, ಬಲ ಸೊಂಟದ ಕೆಳಗೆ, ಕಡಲೆಬೇಳೆ ಗಾತ್ರದ ಕರಿ ಹಕ್ಕಳೆ. "ಇದು ಯಾವಾಗ ಆಯ್ತಮ್ಮ?" "ಗೊತ್ತಿಲ್ಲಪ್ಪಾ, ನೋವಿಲ್ಲ, ತುರಿಕೆ ಇಲ್ಲ." ಲಾಡಿ, ಉಡಿದಾರ, ಬ್ರಾ ಪಟ್ಟಿ, ಎದೆಯ ಕೆಳಗಿನ ಮಡಿಕೆ, ಮಂಡಿ ಹಿಂದೆ, ಬಟ್ಟೆ ಬಿಗಿಯಾಗಿ ಕೂರುವ ಕಡೆಯಲ್ಲೇ ಇದು ಜಾಸ್ತಿ. ಬೆವರುವ ಜಾಗದಲ್ಲಿ ಹಕ್ಕಳೆ ಉದುರಿ ಬರೀ ಸಣ್ಣ ಹುಣ್ಣಿನ ಹಾಗೆ ಕಾಣುವುದೂ ಉಂಟು. ಮಚ್ಚೆ ಸಿಗಲಿಲ್ಲ ಅಂದ ಮಾತ್ರಕ್ಕೆ ಸ್ಕ್ರಬ್ ಅಲ್ಲ ಅನ್ನಲಾಗುವುದಿಲ್ಲ. ಎಷ್ಟೋ ಜನಕ್ಕೆ ಇರುವುದೇ ಇಲ್ಲ.

ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು ಸಲ, ಒಂದು ವಾರ. ಗರ್ಭಿಣಿಯಾದರೆ ಅಜಿತ್ರೋಮೈಸಿನ್. ಇವರಿಗೆ ಶ್ವಾಸಕೋಶ ಆಗಲೇ ಕೆಟ್ಟಿತ್ತು. 2023ರಲ್ಲಿ ಪ್ರಕಟವಾದ, ನಮ್ಮ ದೇಶದ ಆಸ್ಪತ್ರೆಗಳಲ್ಲೇ ನಡೆದ ಅಧ್ಯಯನದಲ್ಲಿ, ತೀವ್ರವಾದ ಸ್ಕ್ರಬ್‌ಗೆ ಎರಡನ್ನೂ ಒಟ್ಟಿಗೆ ರಕ್ತನಾಳಕ್ಕೆ ಕೊಟ್ಟರೆ ಒಂದೊಂದನ್ನೇ ಕೊಡುವುದಕ್ಕಿಂತ ಒಳ್ಳೆಯದು ಅಂತ ಕಂಡುಬಂದಿದೆ. ಹಾಗೇ ಶುರು ಮಾಡಿದೆ. ಸ್ಕ್ರಬ್ ಪತ್ತೆಗೆ ಮಾಡುವ ಐಜಿಎಂ ಎಲೈಸಾ ರಕ್ತಪರೀಕ್ಷೆಗೂ ಕಳಿಸಿದೆ, ಅದರ ರಿಪೋರ್ಟ್ ಬರುವವರೆಗೆ ಕಾಯಲಿಲ್ಲ.

ಇದನ್ನು ಓದಿ ಎಲ್ಲ ಜ್ವರವೂ ಸ್ಕ್ರಬ್ ಅಂದುಕೊಂಡರೆ ಕಷ್ಟ. ಅದೇ ವಾರ ಹಾಸ್ಟೆಲ್ ಹುಡುಗ ಒಬ್ಬ ನಡೆದುಕೊಂಡೇ ಬಂದ. ನಾಲ್ಕು ದಿನ ಇದ್ದ ಜ್ವರ ಅವತ್ತು ಬೆಳಿಗ್ಗೆ ಬಿಟ್ಟಿದೆ, ಹೊಟ್ಟೆನೋವು, ವಾಂತಿ ಮಾತ್ರ ನಿಂತಿಲ್ಲ. ಜ್ವರ ಬಿಟ್ಟಿತಲ್ಲ, ವಾಸಿಯಾಯಿತು ಅಂತ ಅವನ ಲೆಕ್ಕ. ಡೆಂಗಿಯಲ್ಲಿ ಅಪಾಯ ಶುರುವಾಗುವುದೇ ಆ ಹೊತ್ತಿಗೆ. ಬಿಪಿ 100/82. ಮೇಲಿನದು ನೂರಿದೆ ಅಂತ ಸಮಾಧಾನ ಪಡಬಾರದು, ಎರಡರ ಅಂತರ 18ಕ್ಕೆ ಬಂದಿದೆ, ಅಂದರೆ ಅವನು ಆಗಲೇ ಶಾಕ್‌ನಲ್ಲಿದ್ದಾನೆ, ಅಂಗಗಳಿಗೆ ರಕ್ತ ಸಾಲುತ್ತಿಲ್ಲ. ಅವನಪ್ಪ ಪ್ಲೇಟ್‌ಲೆಟ್ ಬಾಟಲಿಗಾಗಿ ಬ್ಲಡ್ ಬ್ಯಾಂಕಿಗೆ ಓಡಲು ತಯಾರಾಗಿದ್ದರು. ನಾನು ನೋಡಿದ್ದು ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು ನೂರಕ್ಕೆ ಎಷ್ಟು ಅನ್ನುವ ಲೆಕ್ಕ. ಎರಡು ದಿನದ ಹಿಂದೆ 40 ಇದ್ದದ್ದು 50 ಆಗಿತ್ತು. ರಕ್ತದ ನೀರು ನಾಳದಿಂದ ಹೊರಗೆ ಸೋರಿ ರಕ್ತ ಗಟ್ಟಿಯಾಗಿದೆ ಅಂತ ಅರ್ಥ. ಬೇಕಾಗಿದ್ದು ಅಳೆದು ಕೊಡುವ ಡ್ರಿಪ್. ಪ್ಲೇಟ್‌ಲೆಟ್ ಎಪ್ಪತ್ತು ಸಾವಿರ ಇದ್ದು ರಕ್ತಸ್ರಾವ ಇಲ್ಲದವನಿಗೆ ಬಾಟಲಿ ಬೇಡ. ಒಂದೆರಡು ದಿನಕ್ಕೆ ಸೋರುವುದು ನಿಂತು ಆ ನೀರು ವಾಪಸ್ ಬರುತ್ತದೆ. ಆಗಲೂ ಡ್ರಿಪ್ ಓಡುತ್ತಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಇವನಿಗೆ ಯಾರೋ ಮೈಕೈ ನೋವಿಗೆ ಡೈಕ್ಲೋಫಿನಾಕ್ ಸೂಜಿ ಬೇರೆ ಚುಚ್ಚಿದ್ದರು. ಡೆಂಗಿ ಇರಬಹುದು ಅನ್ನುವಾಗ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಔಷಧಿ ಬೇಡ.

ಭದ್ರಾ ನಾಲೆ ಕೆಳಗಿನ ಗದ್ದೆಯವರು ಕೆಂಗಣ್ಣು, ಮೀನಖಂಡದ ನೋವು, ಕಾಮಾಲೆ ಜೊತೆ ಬಂದರೆ ಇಲಿಜ್ವರ ನೆನಪಾಗಬೇಕು. ಅದರ ಕಥೆ ಇನ್ನೊಂದು ಸಲ ಬರೆಯುತ್ತೇನೆ.

ಜಗಳೂರಿನ ಅಮ್ಮನಿಗೆ ಮೂರನೇ ದಿನ ಬೆಳಿಗ್ಗೆ ಜ್ವರ ಇರಲಿಲ್ಲ. ಉಸಿರು 22, ಈ ಸಲವೂ ಎಣಿಸಿದ್ದೇ. ರಾಶಿ ಹಾಕಿದ ಜೋಳ ಮಳೆಗೆ ನೆನೆಯುತ್ತದೆ, ಮನೆಗೆ ಕಳಿಸಿ ಅಂತ ಜಗಳಕ್ಕೆ ಶುರು ಹಚ್ಚಿದರು. ಸೊಸೆ ಬಾಗಿಲ ಹತ್ತಿರ ನಿಲ್ಲಿಸಿ, "ಸಾರ್, ನಮ್ಮ ಮೈದುನಗೂ ನಾಕು ದಿನದಿಂದ ಜ್ವರ ಐತ್ರೀ, ಅವನೂ ಅದೇ ಹೊಲದಾಗೆ ಇದ್ದ" ಅಂದಳು. ಕರೆದುಕೊಂಡು ಬಾ ಅಂದೆ.

ಮಾರನೆಯ ದಿನ ಆ ಹುಡುಗ ಬಸ್ಸಿನಲ್ಲಿ ಒಬ್ಬನೇ ಬಂದ. ಪ್ಯಾಂಟ್ ಮಡಿಸಿದರೆ ಮಂಡಿ ಹಿಂದೆ ಮಚ್ಚೆ. ಉಸಿರು 18, ಬಿಪಿ ಸರಿ ಇತ್ತು. ಏಳು ದಿನದ ಮಾತ್ರೆ ಬರೆದು, ಊಟದ ಮೇಲೆ ತುಂಬಾ ನೀರು ಕುಡಿದು ನುಂಗು, ನುಂಗಿದ ಕೂಡಲೇ ಮಲಗಬೇಡ, ಎರಡು ದಿನಕ್ಕೆ ಜ್ವರ ಬಿಡದಿದ್ದರೆ ಬಾ ಅಂತ ಹೇಳಿ ಕಳಿಸಿದೆ. ವಾಪಸ್ ಬರಲಿಲ್ಲ. ಫೋನ್ ಮಾಡಿದರೆ ಹೊಲದಲ್ಲಿದ್ದ.