ಜೇಬಿನ ಚಾಕು ಆರಿಸಿಕೊಂಡ ಬಗೆ: ನನ್ನ ಅನುಭವ

ನಮ್ಮದು ಶಿರಸಿ ಕಡೆಯ ಸಣ್ಣ ಅಡಿಕೆ ತೋಟ. ಮರಕ್ಕೆ ಕಾಳುಮೆಣಸಿನ ಬಳ್ಳಿ, ನಡುನಡುವೆ ಬಾಳೆ. ದೊಡ್ಡ ಕೆಲಸಕ್ಕೆ ಸೊಂಟದಲ್ಲಿ ಕತ್ತಿ ಇದ್ದೇ ಇರುತ್ತದೆ. ಆದರೆ ದಿನಕ್ಕೆ ಹತ್ತು ಸಲ ಬೇಕಾಗುವುದು ಸಣ್ಣ ಚಾಕು. ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲು ಕತ್ತಿ ಎತ್ತಿದರೆ ಚೀಲವೇ ಸೀಳಿಹೋಗುತ್ತದೆ. ಹಾಗಾಗಿ ಮಡಚಿ ಜೇಬಿನಲ್ಲಿ ಇಟ್ಟುಕೊಳ್ಳುವಂಥದ್ದು ಒಂದು ಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಮೊದಲನೆಯದನ್ನು ಜಾತ್ರೆಯಲ್ಲಿ ಕೊಂಡೆ. ಕಪ್ಪು ಬಣ್ಣದ ಅಲಗು, ಬೆನ್ನಿನ ಮೇಲೆ ಗರಗಸದಂಥ ಹಲ್ಲು, ಹಿಡಿಯ ತುದಿಯಲ್ಲಿ ಗಾಜು ಒಡೆಯುವ ಮೊನೆ. ಬೆಲೆ ಇನ್ನೂರೈವತ್ತು ರೂಪಾಯಿ. ನೋಡಲು ಭಾರಿ ಗಟ್ಟಿ ಅನಿಸಿತ್ತು. ಒಂದು ತಿಂಗಳು ಚೆನ್ನಾಗಿಯೇ ಇತ್ತು. ಆಮೇಲೆ ಒಂದು ದಿನ ಡ್ರಿಪ್ ಪೈಪಿಗೆ ತೂತು ಮಾಡಲು ಮೊನೆ ಒತ್ತಿದೆ. ಅಲಗು ಹಿಂದಕ್ಕೆ ಮಡಚಿಕೊಂಡು ತೋರುಬೆರಳ ಮೇಲೆ ಕೂತಿತು. ಮೂರು ಹೊಲಿಗೆ ಬಿತ್ತು. ಮೆಣಸಿನ ಕೊಯ್ಲಿನ ಕಾಲ ಬೇರೆ. ಹದಿನೈದು ದಿನ ಕೈ ನೀರಿಗೆ ಹಾಕುವ ಹಾಗಿರಲಿಲ್ಲ.

ಗಾಯ ಮಾಗಿದ ಮೇಲೆ ಆ ಚಾಕು ಹಿಡಿದು ಊರಿನ ಕುಲುಮೆಗೆ ಹೋದೆ. ಆಚಾರ್ರು ಬಿಸಿಲಿಗೆ ಹಿಡಿದು ನೋಡಿದರು. ಲಾಕಿನ ತಗಡಿಗೆ ಅರ ತೆಗೆದು ಎರಡು ಸಲ ಎಳೆದರು.

"ನೋಡಿ ಹೆಗಡೇರೆ, ಅರ ಹಾಕಿದ್ರೆ ಬೆಣ್ಣೆ ಹಾಂಗೆ ಬರ್ತದೆ. ಇದು ಅಲಗನ್ನ ಎಂಥ ತಡೀತದೆ?"

ಇಂಥ ಚಾಕುಗಳಲ್ಲಿ ಹಿಡಿಯೊಳಗೆ ಒಂದು ತೆಳು ತಗಡು ಇರುತ್ತದೆ. ಅಲಗು ಪೂರ್ತಿ ತೆರೆದಾಗ ಅದು ಪಕ್ಕಕ್ಕೆ ಜಿಗಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಲಾಕ್ ಅಂದರೆ ಅಷ್ಟೇ. ನನ್ನ ಚಾಕುವಿನಲ್ಲಿ ಆ ತಗಡು ಬುಡದ ಅಂಚಿಗೆ ಕೂದಲೆಳೆಯಷ್ಟೇ ತಾಗುತ್ತಿತ್ತು. ಮೆತ್ತಗಿನ ಲೋಹ ಬೇರೆ. ತಿಂಗಳೊಪ್ಪತ್ತಿನಲ್ಲಿ ಅಂಚು ಸವೆದು ದುಂಡಗಾಗಿತ್ತು. ಒತ್ತಿದ ಕೂಡಲೇ ಜಾರಿತು. ಕೊಳ್ಳುವ ಮೊದಲೇ ಇದನ್ನು ನೋಡಬಹುದಿತ್ತು ಅಂತ ಗೊತ್ತಾದಾಗ ಬಹಳ ಬೇಜಾರಾಯಿತು.

ಈಗ ಯಾವ ಚಾಕು ಕೈಗೆ ಬಂದರೂ ಮೊದಲು ಲಾಕ್ ನೋಡುತ್ತೇನೆ. ತೆರೆದು, ಹಿಡಿಯ ಸಂದಿಯಲ್ಲಿ ಇಣುಕಿ, ತಗಡು ಅಲಗಿನ ಬುಡದ ಹಿಂದೆ ಪೂರ್ತಿ ಕೂತಿದೆಯಾ ಅಂತ ನೋಡುವುದು. ಅಲಗನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸುವುದು. ಆಮೇಲೆ ಬೆರಳುಗಳನ್ನು ಅಲಗು ಮಡಚುವ ದಾರಿಯಿಂದ ದೂರ ಇಟ್ಟು, ಅಲಗಿನ ಬೆನ್ನನ್ನು ಮರದ ಮೇಲೆ ಮೆಲ್ಲಗೆ ತಟ್ಟುವುದು. ಮೆಲ್ಲಗೆ ತಟ್ಟಿದ್ದಕ್ಕೇ ಲಾಕ್ ಬಿಟ್ಟುಕೊಂಡರೆ ಅದನ್ನು ಅಲ್ಲೇ ಇಟ್ಟು ಬರಬೇಕು. ಬೆಲೆ ಎಷ್ಟೇ ಕಡಿಮೆ ಇರಲಿ.

ಎರಡನೆಯದನ್ನು ಆತುರದಲ್ಲಿ ಕೊಳ್ಳಲಿಲ್ಲ. ಅಡಿಗೆಮನೆಯ ಕ್ಯಾಲೆಂಡರಿನ ಹಿಂದೆ, ಎರಡು ವಾರ, ಎಲ್ಲೆಲ್ಲಿ ಚಾಕು ಬೇಕಾಯಿತು ಅಂತ ಬರೆದಿಟ್ಟೆ. ಗೊಬ್ಬರದ ಚೀಲ, ಸುತ್ತಲಿ ಹಗ್ಗ, 16 ಎಂಎಂ ಡ್ರಿಪ್ ಪೈಪು, ಬಾಳೆ ಎಲೆ, ಕೊರಿಯರ್ ಡಬ್ಬಿ, ವೈರಿನ ಮೇಲಿನ ಟೇಪು, ಪೇರಳೆ ಹಣ್ಣು, ಮಗಳ ಪೆನ್ಸಿಲ್. ಇದನ್ನೆಲ್ಲ ಓದಿದಾಗ ಮೂರು ಇಂಚಿಗಿಂತ ಉದ್ದದ ಅಲಗು ಬೇಕಾದ ಕೆಲಸ ಒಂದೂ ಇರಲಿಲ್ಲ. ಒಂದೇ ಕೈಯಲ್ಲಿ ಚಟ್ಟನೆ ತೆರೆಯಬೇಕಾದ ಕೆಲಸವೂ ಇರಲಿಲ್ಲ. ಗರಗಸದ ಹಲ್ಲಂತೂ ಯಾವುದಕ್ಕೂ ಬೇಡ. ನೀವೂ ಕೊಳ್ಳುವ ಮೊದಲು ಹೀಗೆ ಬರೆದು ನೋಡಿ. ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ.

ಆಮೇಲೆ ಉಕ್ಕಿನ ವಿಷಯ. ಅಗ್ಗದ ಚಾಕುಗಳ ಮೇಲೆ 3ಸಿಆರ್13, 8ಸಿಆರ್13ಎಂಓವಿ ಅಂತೆಲ್ಲ ಇರುತ್ತದೆ. ಇವು ಚೀನಾದ ಉಕ್ಕಿನ ಹೆಸರುಗಳು. ಓದುವುದು ಸುಲಭ. ಮೊದಲ ಅಂಕಿ ಇಂಗಾಲದ ಲೆಕ್ಕ, ಸಿಆರ್ ಆದಮೇಲಿನದು ಕ್ರೋಮಿಯಂ. 3 ಅಂದರೆ ಸುಮಾರು 0.3 ಶೇಕಡಾ ಇಂಗಾಲ, 8 ಅಂದರೆ ಸುಮಾರು 0.8. ಇಂಗಾಲ ತೀರಾ ಕಡಿಮೆಯಾದರೆ ಹರಿತ ನಿಲ್ಲುವುದಿಲ್ಲ. ಕ್ರೋಮಿಯಂ 13ರ ಹತ್ತಿರ ಇದ್ದರೆ ತುಕ್ಕು ಬೇಗ ಹಿಡಿಯುವುದಿಲ್ಲ. ಡಿ2 ಅಂತ ಇನ್ನೊಂದಿದೆ. ಅದರಲ್ಲಿ ಇಂಗಾಲ 1.5 ಶೇಕಡಾದಷ್ಟು. ಹರಿತ ಬಹಳ ದಿನ ಇರುತ್ತದೆ. ಆದರೆ ಮೊಂಡಾದ ಮೇಲೆ ಮನೆಯ ಸಾಣೆಕಲ್ಲಿನಲ್ಲಿ ಮತ್ತೆ ಹರಿತಕ್ಕೆ ತರುವಷ್ಟರಲ್ಲಿ ಕೈ ಸೋಲುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಮಾತು ಇದೇ. ನಾನೇ ಮಸೆದುಕೊಳ್ಳಲು ಬರುವ ಉಕ್ಕು ಬೇಕು. ತೋಟದಲ್ಲಿ ಮಣ್ಣು ಹತ್ತಿದ ಹಗ್ಗ, ಮರಳಿರುವ ಚೀಲ ಕೊಯ್ದರೆ ಎಂಥ ಉಕ್ಕಾದರೂ ಮೊಂಡಾಗುತ್ತದೆ. ಐದು ನಿಮಿಷದಲ್ಲಿ ಮತ್ತೆ ಹರಿತವಾಗುವ ಚಾಕು, ಮೂರು ತಿಂಗಳು ಹರಿತ ಹಿಡಿದು ಆಮೇಲೆ ಮಸೆಯಲು ಬಾರದೆ ಮೂಲೆ ಸೇರುವ ಚಾಕುವಿಗಿಂತ ನನಗೆ ಎಷ್ಟೋ ಒಳ್ಳೆಯದು.

ಅಲಗಿನ ದಪ್ಪವನ್ನೂ ನೋಡಿ. ಜಾತ್ರೆಯ ಚಾಕು ಮೂರು ಎಂಎಂಗಿಂತ ದಪ್ಪ ಇತ್ತು. ಪೇರಳೆ ಕೊಯ್ದರೆ ಹಣ್ಣು ಕೊಯ್ಯುತ್ತಿರಲಿಲ್ಲ, ಬಿರಿಯುತ್ತಿತ್ತು. ಎರಡು ಎಂಎಂ ಒಳಗಿನ ತೆಳು ಅಲಗು ಸುಮ್ನೆ ಇಳಿದುಹೋಗುತ್ತದೆ.

ಕೊನೆಗೆ ಎರಡು ಚಾಕುಗಳ ನಡುವೆ ತೂಗಾಡಿದೆ. ಒಂದು ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್. ಆ ಕಂಪನಿ ಶುರುವಾದದ್ದು 1884ರಲ್ಲಿ. ಅದರ ಹೆಸರುವಾಸಿ ಕೆಂಪು ಚಾಕುಗಳು ಮಡಚಿದಾಗ 91 ಎಂಎಂ. ಮೆತ್ತಗಿನ ಸ್ಟೇನ್‌ಲೆಸ್ ಉಕ್ಕು, ಮಸೆಯುವುದು ಸುಲಭ, ಜೊತೆಗೆ ಸ್ಕ್ರೂಡ್ರೈವರ್ ಥರದ್ದೆಲ್ಲ ಇರುತ್ತದೆ. ಆದರೆ ಆ ಅಳತೆಯ ಚಾಕುವಿನಲ್ಲಿ ಅಲಗಿಗೆ ಲಾಕ್ ಇಲ್ಲ, ಬರೀ ಸ್ಪ್ರಿಂಗಿನ ಬಿಗಿ. ಹಣ್ಣು, ಹಗ್ಗ, ಕಾಗದಕ್ಕೆ ಅದು ಧಾರಾಳ ಸಾಕು. ಮೊನೆಯಿಂದ ಚುಚ್ಚುವ ಕೆಲಸಕ್ಕೆ ಮಾತ್ರ ಬೇಡ. ಮನೆಯೊಳಗೆ, ಆಫೀಸಿನಲ್ಲಿ ಬಳಸುವವರಿಗೆ ನಾನು ಅದನ್ನೇ ಹೇಳುವುದು.

ಇನ್ನೊಂದು ಫ್ರಾನ್ಸಿನ ಒಪಿನೆಲ್. 1890ರ ಹೊತ್ತಿಗೆ ಸವೊಯ್ ಎಂಬ ಬೆಟ್ಟದ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬ ಯುವಕ ಮಾಡಿದ್ದು. ರೈತರು ಜೇಬಿನಲ್ಲಿ ಇಟ್ಟುಕೊಂಡು ರೊಟ್ಟಿ, ಚೀಸು ಕೊಯ್ದು, ಬಳ್ಳಿ ಸವರಿ ಬೆಳೆಸಿದ ಚಾಕು. ಬೀಚ್ ಮರದ ಹಿಡಿ, ತೆಳು ಅಲಗು. ಗಾತ್ರಕ್ಕೆ ನಂಬರು ಇದೆ. 8ನೇ ನಂಬರಿನ ಅಲಗು 8.5 ಸೆಂಟಿಮೀಟರ್. 1955ರಲ್ಲಿ ಇದಕ್ಕೊಂದು ಲೋಹದ ಉಂಗುರ ಸೇರಿಸಿದರು. ಅಲಗು ತೆರೆದು ಉಂಗುರ ತಿರುಗಿಸಿದರೆ ಆಯಿತು, ಮಡಚುವ ದಾರಿಯೇ ಮುಚ್ಚಿಹೋಗುತ್ತದೆ. ಲಾಕ್ ಕಣ್ಣಿಗೆ ಕಾಣುವ ಜಾಗದಲ್ಲೇ ಇದೆ. ಬೆರಳಿಗೆ ಹೊಲಿಗೆ ಹಾಕಿಸಿಕೊಂಡವನಿಗೆ ಇದು ಎಷ್ಟು ಸಮಾಧಾನ ಅಂತ ಹೇಳಬೇಕಿಲ್ಲ ಅಲ್ವಾ. ಹಾಗಾಗಿ ಅದನ್ನೇ ತರಿಸಿದೆ. ಜಾತ್ರೆಯ ಚಾಕುವಿನ ಏಳೆಂಟು ಪಟ್ಟು ದುಡ್ಡು ಬಿತ್ತು. ಹೊರದೇಶದ ಹೆಸರುವಾಸಿ ಚಾಕುಗಳಲ್ಲಿ ಇದು ಕೈಗೆಟುಕುವ ಬೆಲೆಯದ್ದೇ.

ಒಪಿನೆಲ್‌ನಲ್ಲಿ ಎರಡು ಬಗೆಯ ಉಕ್ಕು ಸಿಗುತ್ತದೆ. ಕಾರ್ಬನ್ ಉಕ್ಕು ಬಹಳ ಚೆನ್ನಾಗಿ ಹರಿತವಾಗುತ್ತದೆ. ಆದರೆ ಅಡಿಕೆಯ ಚೊಗರು ತಾಗಿದರೆ ಸಾಕು, ಕಪ್ಪಾಗುತ್ತದೆ. ಅಪ್ಪನ ಹಳೇ ಪೆನ್ನು ಚಾಕು ಹಾಗೇ ಇದ್ದಲು ಬಣ್ಣಕ್ಕೆ ತಿರುಗಿತ್ತು. ಅದರಿಂದ ಮಾವಿನಕಾಯಿ ಕೊಯ್ದರೆ ಹೋಳಿಗೆ ಕಬ್ಬಿಣದ ರುಚಿ. ಮಳೆಗಾಲದಲ್ಲಿ ಒಂದು ರಾತ್ರಿ ಒದ್ದೆ ಬಿಟ್ಟರೆ ಬೆಳಿಗ್ಗೆ ಕೆಂಪು ತುಕ್ಕು. ಮಲೆನಾಡಿನವರು ಸ್ಟೇನ್‌ಲೆಸ್ ತಗೊಳ್ಳುವುದೇ ವಾಸಿ. ನಾನೂ ಅದನ್ನೇ ತಗೊಂಡೆ.

ಮರದ ಹಿಡಿ ಅಂದಮೇಲೆ ಮಳೆಗಾಲದಲ್ಲಿ ಉಬ್ಬುತ್ತದೆ. ನಮ್ಮ ಮನೆಯ ಕಿಟಕಿ ಬಾಗಿಲುಗಳೂ ಜೂನ್ ಬಂತೆಂದರೆ ಹಾಗೇ ತಾನೆ. ಉಬ್ಬಿದಾಗ ಅಲಗು ಬಿಗಿಯಾಗುತ್ತದೆ. ಸವೊಯ್‌ನ ಜನ ಆಗ ಹಿಡಿಯ ಹಿಂಬದಿಯ ಮೂಲೆಯನ್ನು ಮೇಜಿನ ಅಂಚಿಗೆ ಟಕ್ ಅಂತ ಕುಟ್ಟುತ್ತಾರೆ. ಅಲಗು ಉಗುರಿಗೆ ಸಿಗುವಷ್ಟು ಮೇಲೆ ಬರುತ್ತದೆ. ನಾನು ಮೇ ತಿಂಗಳಲ್ಲೇ ಸಂದಿಯನ್ನು ಉಪ್ಪುಕಾಗದದಿಂದ ಒಂಚೂರು ಉಜ್ಜಿ, ಅಗಸೆ ಎಣ್ಣೆಯನ್ನು ಮೂರು ಸಲ ಒಣಗಿಸಿ ಒಣಗಿಸಿ ಹಚ್ಚಿಬಿಡುತ್ತೇನೆ. ಎಣ್ಣೆ ಕುಡಿದ ಮರಕ್ಕೆ ನೀರು ಇಳಿಯುವುದು ಕಡಿಮೆ.

ಮಸೆಯಲು ಹಾರ್ಡ್‌ವೇರ್ ಅಂಗಡಿಯ ಎರಡು ಬದಿಯ ಸಾಣೆಕಲ್ಲು ಸಾಕು. ಒಂದು ಬದಿ ಒರಟು, ಒಂದು ನಯ. ಕೋನ ಹೇಗೆ ಅಂತ ಎಲ್ಲರಿಗೂ ಗೊಂದಲ. ನಾನು ಮೂರು ನಾಲ್ಕು ನಾಣ್ಯ ಒಂದರ ಮೇಲೊಂದು ಇಟ್ಟು, ಅಲಗಿನ ಬೆನ್ನು ಅಷ್ಟು ಎತ್ತರಕ್ಕೆ ಬರುವ ಹಾಗೆ ಕೈಗೆ ರೂಢಿ ಮಾಡಿಕೊಂಡೆ. ಎರಡು ಸೆಂಟಿಮೀಟರ್ ಅಗಲದ ಅಲಗಿಗೆ ಅದು ಹದಿನೈದರಿಂದ ಇಪ್ಪತ್ತು ಡಿಗ್ರಿ ಆಗುತ್ತದೆ. ಒಂದೇ ಬದಿ ಮಸೆಯುತ್ತ ಹೋದರೆ ಎದುರು ಬದಿಯ ಅಂಚಿನಲ್ಲಿ ದಾರದಂತೆ ಲೋಹ ಏಳುತ್ತದೆ. ಬೆರಳನ್ನು ಅಂಚಿನಿಂದ ಹೊರಕ್ಕೆ ಸವರಿದರೆ ಗೊತ್ತಾಗುತ್ತದೆ. ಅದು ಬುಡದಿಂದ ಮೊನೆಯವರೆಗೆ ಎದ್ದ ಮೇಲೆ ಬದಿ ಬದಲಿಸಿ. ಕೊನೆಗೆ ಹಳೇ ಚರ್ಮದ ಬೆಲ್ಟಿನ ಮೇಲೆ, ಅಲಗಿನ ಬೆನ್ನು ಮುಂದಾಗಿ, ಹತ್ತು ಸಲ ಎಳೆಯಿರಿ. ಕಲ್ಲು ಹತ್ತಿರ ಇಲ್ಲದಾಗ ಪಿಂಗಾಣಿ ಕಪ್ಪಿನ ತಳದ ಒರಟು ಬಳೆಯೂ ನಡೆಯುತ್ತದೆ. ಕರೆಂಟಿನ ಚಕ್ರಕ್ಕೆ ಮಾತ್ರ ಕೊಡಬೇಡಿ. ತೆಳು ಅಲಗು ಕ್ಷಣದಲ್ಲಿ ಕಾದು ನೀಲಿಗಟ್ಟುತ್ತದೆ. ಉಕ್ಕಿನ ಹದ ಹೋದರೆ ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲದು.

ಹಿಪ್ಪಲಿ ಗಿಡದ ಮೇಲೆ ಮೆಣಸಿನ ಬಳ್ಳಿ ಕಸಿ ಕಟ್ಟಲು ಈ ಚಾಕು ಮುಟ್ಟುವುದಿಲ್ಲ. ಮಣ್ಣಿನ ಹಗ್ಗ ಕೊಯ್ದ ಅಲಗು ಕಸಿಯ ಗಾಯಕ್ಕೆ ತಾಗಬಾರದು. ಅದಕ್ಕೆ ಬೇರೆ ಬ್ಲೇಡ್ ಇದೆ.

ಕಾನೂನಿನ ಮಾತನ್ನೂ ಹೇಳಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚಾಕುಗಳು ಆಯುಧದ ಪಟ್ಟಿಗೆ ಬರುತ್ತವೆ. ಮನೆ ಮತ್ತು ಕೃಷಿ ಕೆಲಸಕ್ಕೆಂದೇ ಮಾಡಿದವಕ್ಕೆ ವಿನಾಯಿತಿ ಇದೆ. ಮೂರು ಇಂಚಿನ ಚಾಕು ಆ ಅಳತೆಯಿಂದ ಬಹಳ ದೂರ. ಹಾಗಂತ ಎಲ್ಲ ಕಡೆ ಒಯ್ಯುವ ಹಾಗಿಲ್ಲ. ವಿಮಾನದ ಕೈಚೀಲದಲ್ಲಿ ಬಿಡುವುದಿಲ್ಲ, ಮೆಟ್ರೊದಲ್ಲೂ ತಡೆಯುತ್ತಾರೆ. ಬೆಂಗಳೂರಿಗೆ ಹೊರಟ ದಿನ ಚಾಕು ಮನೆಯ ಗೂಟದಲ್ಲಿ ತೂಗುವ ಚೀಲದಲ್ಲಿ ಇರುತ್ತದೆ. ಬಟನ್ ಒತ್ತಿದರೆ ತೆರೆಯುವ ಚಾಕುಗಳ ಗೊಡವೆಗೆ ಹೋಗಲೇಬೇಡಿ. ಪೊಲೀಸರ ಕಣ್ಣಿಗೆ ಅದು ಬೇರೆಯೇ ವಸ್ತು.

ಇನ್ನು ಎಣ್ಣೆ. ಅಲಗು ಮಡಚುವ ಕೀಲಿಗೆ ಮೊದಲು ಕೊಬ್ಬರಿ ಎಣ್ಣೆ ಬಿಡುತ್ತಿದ್ದೆ. ಹಣ್ಣು ಕೊಯ್ಯುವ ಚಾಕುವಿಗೆ ತಿನ್ನುವ ಎಣ್ಣೆಯೇ ಸರಿ ಅಂತ ಅಂದುಕೊಂಡಿದ್ದೆ. ಡಿಸೆಂಬರಿನ ಚಳಿಯಲ್ಲಿ ಅದು ಒಳಗೇ ಗಟ್ಟಿಯಾಗಿ ಚಾಕು ತೆರೆಯುವುದೇ ಕಷ್ಟವಾಯಿತು. ಬಿಸಿಲಿಗೆ ಇಟ್ಟರೆ ಸಡಿಲ, ನೆರಳಿಗೆ ಬಂದರೆ ಮತ್ತೆ ಬಿಗಿ. ಈಗ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಬಿಟ್ಟು, ನಾಲ್ಕು ಸಲ ತೆರೆದು ಮಡಚಿ, ಅಲಗನ್ನು ಬಟ್ಟೆಯಿಂದ ಪೂರ್ತಿ ಒರೆಸುತ್ತೇನೆ. ಅದಕ್ಕೂ ಮೊದಲು ಸಂದಿಯಲ್ಲಿ ಸೇರಿದ ಜೇಬಿನ ನೂಲುಪುಡಿಯನ್ನು ತೆಂಗಿನ ಕಡ್ಡಿಯಿಂದ ತೆಗೆಯುವುದು ಮರೆಯುವುದಿಲ್ಲ.