ತಪಸ್ಸುಕಾಲದಲ್ಲಿ ಲೂಕನ 12ನೆಯ ಅಧ್ಯಾಯವನ್ನು ಮನೆಯಲ್ಲಿ ಓದುವ ಬಗೆ

ಈಸ್ಟರಿಗೆ ಮುಂಚಿನ ಉಪವಾಸ, ಪ್ರಾರ್ಥನೆಗಳ ಕಾಲವಾದ ತಪಸ್ಸುಕಾಲದಲ್ಲಿ ಮಂಗಳೂರಿನ ಕಥೋಲಿಕ ಮನೆಗಳಲ್ಲಿ ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಒಬ್ಬರು ಲೂಕನ ಸುವಾರ್ತೆಯ 12ನೆಯ ಅಧ್ಯಾಯದ 13ರಿಂದ 21ರವರೆಗಿನ ವಚನಗಳನ್ನು ಗಟ್ಟಿಯಾಗಿ ಓದಬೇಕು. ಉಳಿದವರು ಅಲ್ಲಿ ಯೇಸು ಹೇಳುವ ಸಾಮತಿಯ ಐಶ್ವರ್ಯವಂತನ ಬಾಯಿಂದ ‘ನಾನು’, ‘ನನ್ನ’ ಎಂಬ ಮಾತು ಎಲ್ಲೆಲ್ಲಿ ಬರುತ್ತದೆಂದು ಪೆನ್ಸಿಲಿನಲ್ಲಿ ಗುರುತಿಸಬೇಕು. ಅವನು ಕದ್ದವನಲ್ಲ, ಭೂಮಿಯೇ ಸಮೃದ್ಧವಾಗಿ ಬೆಳೆ ಕೊಟ್ಟಿತ್ತು. ಆದರೆ ಕಣಜಗಳನ್ನು ಕೆಡವಿ ದೊಡ್ಡವನ್ನು ಕಟ್ಟಿಸಿ, ತಿಂದು ಕುಡಿದು ಸುಖವಾಗಿರುವ ಅವನ ಇಡೀ ಯೋಜನೆಯಲ್ಲಿ ಆಳಿಲ್ಲ, ನೆರೆಯವನಿಲ್ಲ, ದೇವರೂ ಇಲ್ಲ. ಅವನು ಮಾತನಾಡುವುದು ತನ್ನ ಪ್ರಾಣದೊಡನೆ ಮಾತ್ರ. ಓದು ಇಲ್ಲಿ ಸಾಕಷ್ಟು ಹೊತ್ತು ನಿಲ್ಲಬೇಕು.

ಅನಂತರ ಸುಖಭೋಗದಲ್ಲೇ ಮುಳುಗಿದವಳು ಬದುಕಿದ್ದೂ ಸತ್ತಂತೆ ಎನ್ನುವ 1 ತಿಮೊಥೆಯ 5:6ನ್ನೂ, ಕೊರತೆಯಿಲ್ಲವೆಂದು ಬೀಗುತ್ತಿದ್ದ ಲವೊದಿಕೀಯ ಸಭೆಯನ್ನು ದರಿದ್ರವೂ ಕುರುಡೂ ಎಂದು ಕರೆಯುವ ಪ್ರಕಟನೆ 3:17ನ್ನೂ ಓದಬಹುದು. ಮಕ್ಕಳಿದ್ದರೆ ಪ್ರಸಂಗಿ 2:24ನ್ನು ಬಿಡಬಾರದು, ಏಕೆಂದರೆ ಊಟದ ಸುಖವೂ ದೇವರ ಕೈಯಿಂದಲೇ ಬರುತ್ತದೆಂದು ಅಲ್ಲಿದೆ.

ಆಚರಣೆಯ ವಿಷಯಕ್ಕೆ ಬಂದರೆ, ತಪಸ್ಸುಕಾಲದ ನಿಯಮದಂತೆ ಶುಕ್ರವಾರ ಮಾಂಸ ಬಿಟ್ಟು ಬಂದರಿನಿಂದ ದುಬಾರಿ ಅಂಜಲ್ ಮೀನು ತಂದು ಹುರಿದರೆ ನಿಯಮವೇನೋ ಉಳಿಯುತ್ತದೆ, ತ್ಯಾಗ ಉಳಿಯುವುದಿಲ್ಲ (ನಮ್ಮೂರಿನಲ್ಲಿ ಇದು ಹೊಸತೂ ಅಲ್ಲ). ಅಂದು ಕುಚ್ಚಲಕ್ಕಿ ಗಂಜಿ, ಚಟ್ನಿ ಸಾಕು. ಮೀನಿಗೆಂದು ತೆಗೆದಿಟ್ಟ ಹಣವನ್ನು ಲಕೋಟೆಗೆ ಹಾಕಿ, ಈಸ್ಟರ್ ಹಬ್ಬದವರೆಗೆ ಕೂಡಿಡದೆ, ಆ ವಾರವೇ ಚರ್ಚಿನ ವಾರ್ಡಿನ ಗುರಿಕಾರರ (ಮುಖಂಡರ) ಮೂಲಕ ಅಗತ್ಯವಿರುವ ಮನೆಗೆ ತಲುಪಿಸಬೇಕು. ಲಕೋಟೆಯ ಮೇಲೆ ಹೆಸರು ಬರೆಯುವುದು ಬೇಡ.